ಬಂಡೆಯ ಮೇಲೆ ಮಿಸ್ ಕುಸುಮಲತಾ ಏನಂದಳು

ಮಿಡಿಗೇಶಿಯ ರಂಗಕ್ಕನ ಮನೆ ಮುಂದೆ ಒಟ್ಟಿಗೆ ಎರಡು ಕಾರು ನಿಂತದ್ದು ಅದೇ ಮೊದಲು. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ರಂಗಕ್ಕ, ಇಳಿದವರ ಗರಿಗರಿ ಬಿಳಿ ಬಟ್ಟೆ ನೋಡಿ, ಎಲೆಕ್ಷನ್ ಮುಗಿದು ಇನ್ನೂ ಬೆರಳಿನ ಶಾಯಿ ಆರಿಲ್ಲ, ಮತ್ತೆ ಬಂದರಲ್ಲಪ್ಪ ಅಂದುಕೊಂಡಳು.

ಬಂದವರು ಓಟಿನವರಲ್ಲ. ಮುಂದೆ ನಿಂತವರು ಮಧುಗಿರಿಯ ನಾಗಲಿಂಗಯ್ಯ, ನಿವೃತ್ತ ಉಪನ್ಯಾಸಕರು. ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಉಪನ್ಯಾಸದಿಂದ ಆಗಿರಲಿಲ್ಲ. ಮದುವೆ, ತಿಥಿ, ಶಾಲೆಯ ಕಾಂಪೌಂಡಿನ ಉದ್ಘಾಟನೆ, ಮೈಕು ಎಲ್ಲಿದ್ದರೂ ಅದರ ಹಿಂದೆ ಅವರಿರುತ್ತಿದ್ದರು. ಜೊತೆಗಿದ್ದವನು ಅವರ ಅಳಿಯ ಪ್ರಭುದೇವ್, ಕಂಪ್ಯೂಟರ್ ಅಂಗಡಿಯವನು.

"ತಾಯೀ, ತಾವು ಮಿಸ್ ಕುಸುಮಲತಾ ಅವರ ವಂಶದ ಕುಡಿಯಲ್ಲವೇ?" ನಾಗಲಿಂಗಯ್ಯ ಕೈ ಮುಗಿದರು.

"ಯಾರ್ ಸ್ವಾಮಿ ಅದು?"

"ಮೂಕಿ ಚಿತ್ರಗಳ ಮಹಾತಾರೆ! ಈ ಬೆಟ್ಟದ ಮಗಳು!"

ರಂಗಕ್ಕ ಒಂದು ಹುಣಸೆಬೀಜ ಬುಟ್ಟಿಗೆ ಹಾಕಿ ಯೋಚಿಸಿದಳು. "ಓ, ನಮ್ಮ ದಾಸಮ್ಮ ದೊಡ್ಡವ್ವನಾ? ಅವ್ಳು ಸತ್ತು ಮೂವತ್ತೈದು ವರ್ಸ ಆಯ್ತಲ್ಲಪ್ಪ. ಈಗ ಬಂದ್ರಾ?"

ಈಗ ಬರಲು ಕಾರಣವಿತ್ತು. ಯಾವುದೋ ಹೊರದೇಶದ ಸಂಗ್ರಹಾಲಯದಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತ್ತು. ಅದರೊಳಗೆ ಒಂದು ನಿಮಿಷ ನಲವತ್ತು ಸೆಕೆಂಡಿನ ಫಿಲ್ಮು. ಒಬ್ಬ ಹುಡುಗಿ ಬೋಳು ಬಂಡೆ ಹತ್ತಿ, ತುದಿಯಲ್ಲಿ ನಿಂತು ಏನೋ ಹೇಳುವ ದೃಶ್ಯ. ಅಲ್ಲಿಯ ಪಂಡಿತರು ಇದು ಮಿಡಿಗೇಶಿ ಬೆಟ್ಟ, ಇವಳು ಮಿಸ್ ಕುಸುಮಲತಾ ಎಂದು ಪತ್ತೆಹಚ್ಚಿದರು. ಬೆಂಗಳೂರಿನ ಪತ್ರಿಕೆಯೊಂದು ಅದನ್ನು ಬರೆಯಿತು. ಅದನ್ನು ಓದಿದ ಮೂರನೇ ದಿನಕ್ಕೆ ಮಧುಗಿರಿಯಲ್ಲಿ 'ಕುಸುಮಲತಾ ಸ್ಮರಣ ಸಮಿತಿ' ಹುಟ್ಟಿತು. ಅಧ್ಯಕ್ಷರು ನಾಗಲಿಂಗಯ್ಯ.

ಪ್ರಭುದೇವ್ ಕಾರಿನ ಡಿಕ್ಕಿಯಿಂದ ಫ್ಲೆಕ್ಸ್ ತೆಗೆದು ಬಿಚ್ಚಿದ. ಗುಲಾಬಿ ಕೆನ್ನೆಯ, ತೆಳ್ಳಗೆ ಹುಬ್ಬು ತೀಡಿದ ಹೆಂಗಸೊಬ್ಬಳು ಅದರೊಳಗಿಂದ ನಗುತ್ತಿದ್ದಳು.

"ಇದ್ಯಾರು?" ಎಂದಳು ರಂಗಕ್ಕ.

"ತಮ್ಮ ದೊಡ್ಡಮ್ಮ!"

"ನಮ್ಮ ದೊಡ್ಡವ್ವ ಎಣ್ಣೆಗಪ್ಪು ಕಣಪ್ಪ. ಮುಂದಲ್ಲು ಒಂದು ಮುರಿದಿತ್ತು. ಇದ್ಯಾವ್ದೋ ಸೇಟು ಹೆಂಗಸು."

ಮಾವ ಅಳಿಯನ ಮುಖ ನೋಡಿದರು, ಅಳಿಯ ಫ್ಲೆಕ್ಸಿನ ಮುಖ ನೋಡಿದ. "ಪ್ರಿಂಟ್ ಆಗಿಬಿಟ್ಟಿದೆ ಅಜ್ಜಿ. ನಲವತ್ತು ಪ್ರತಿ."

ಅಲ್ಲಿಗೆ ಮಾತು ಮುಗಿಯಿತು. ಪ್ರಿಂಟ್ ಆದದ್ದೇ ನಿಜ ಎಂಬಂತೆ ಮಿಸ್ ಕುಸುಮಲತಾ ಅಂದಿನಿಂದ ಗುಲಾಬಿ ಕೆನ್ನೆಯವಳಾಗಿ ನಾಲ್ಕು ತಾಲ್ಲೂಕಿನ ಬಸ್ ಸ್ಟ್ಯಾಂಡುಗಳಲ್ಲಿ ನೇತಾಡಿದಳು.

ದಾಸಮ್ಮ ಸಿನಿಮಾಕ್ಕೆ ಹೋದದ್ದು ಯಾರ ಆಸೆಯಿಂದಲೂ ಅಲ್ಲ. ತೊಂಬತ್ತೈದು ವರ್ಷದ ಹಿಂದೆ ಬೆಂಗಳೂರಿನ ಒಂದು ಫಿಲ್ಮ್ ಕಂಪನಿ ಸಾಹಸದ ಚಿತ್ರ ತೆಗೆಯಲು ಮಿಡಿಗೇಶಿ ಕೋಟೆಗೆ ಬಂದಿತ್ತು. ಬೊಂಬಾಯಿಯಿಂದ ಕರೆಸಿದ್ದ ನಾಯಕಿ ಬಂಡೆಯ ಬುಡದಲ್ಲಿ ನಿಂತು ಮೇಲೆ ನೋಡಿ, ಅಲ್ಲೇ ಕೂತು ಅತ್ತಳು. ಅದೇ ಹೊತ್ತಿಗೆ ಹದಿನೇಳರ ದಾಸಮ್ಮ ತಲೆಯ ಮೇಲೆ ಸೌದೆ ಹೊರೆ ಹೊತ್ತು ಅದೇ ಬಂಡೆಯಿಂದ ದಡದಡ ಇಳಿದು ಬಂದಳು. ದೊರೆಗಳ ಹಾಗೆ ಟೋಪಿ ಹಾಕಿದ್ದ ಡೈರೆಕ್ಟರು ಅದನ್ನು ನೋಡಿದ. ಮೊದಲ ವಾರ ದಾಸಮ್ಮ ನಾಯಕಿಯ ಸೀರೆ ಉಟ್ಟು ಅವಳ ಬದಲು ಹತ್ತಿದಳು; ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಅಣ್ಣ ಮೂಡಲಗಿರಿಯಪ್ಪ ಹಿಡಿದಿರುತ್ತಿದ್ದ. ಎರಡನೆಯ ವಾರ ನಾಯಕಿ ರೈಲು ಹತ್ತಿದಳು, ದಾಸಮ್ಮನೇ ನಾಯಕಿಯಾದಳು. ಹೆಸರು ಮಾತ್ರ ಬೇಡವಾಯಿತು. ದಾಸಮ್ಮ ಎಂದರೆ ಟಿಕೆಟ್ ಹರಿಯುವುದಿಲ್ಲವಂತೆ.

ಐದು ವರ್ಷದಲ್ಲಿ ಏಳು ಚಿತ್ರ. ಕುದುರೆ ಓಡಿಸಿದಳು, ಕೋಟೆಯಿಂದ ಕಂದಕಕ್ಕೆ ಹಾರಿದಳು, ಒಂದು ಸಲ ಹಾರಿದಾಗ ಕಾಲು ಮುರಿದುಕೊಂಡಳು, ಇನ್ನೊಂದು ಸಲ ಹಲ್ಲು. ಜಟಕಾಗಳ ಮೇಲೆ ಅವಳ ಚಿತ್ರ ಅಂಟಿಸಿ ತಮಟೆ ಹೊಡೆಯುತ್ತಿದ್ದರು. ಕಂಪನಿಯ ಮ್ಯಾನೇಜರ್ ಅವಳನ್ನು ಮದುವೆಯಾದ. ಅವನಿಗೆ ಆಗಲೇ ಮದುವೆಯಾಗಿತ್ತು ಎಂಬುದನ್ನು ಎಲ್ಲರೂ ಬಲ್ಲವರಾಗಿದ್ದರು, ಅವಳೊಬ್ಬಳನ್ನು ಬಿಟ್ಟು.

ಆಮೇಲೆ ಟಾಕಿ ಬಂತು. ಮೈಕಿನ ಮುಂದೆ ನಿಲ್ಲಿಸಿ, "ಬಂದೆನು ಮಹಾರಾಜ" ಎಂದು ಹೇಳು ಎಂದರು. ದಾಸಮ್ಮ ಎದೆಯುಬ್ಬಿಸಿ, "ಬಂದ್ಬುಟ್ಟೆ ಕಣಯ್ಯೋ ಮಾರಾಜ" ಎಂದಳು. ಸ್ಟುಡಿಯೋದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹದಿನೆಂಟು ಸಲ ಹೇಳಿಸಿದರು, ಹದಿನೆಂಟು ಸಲವೂ ಬಂದುಬುಟ್ಟಳು. ಮರುದಿನ ಆ ಪಾತ್ರ ಶುದ್ಧವಾಗಿ ಮಾತಾಡುವ, ಆದರೆ ಕುದುರೆ ಕಂಡರೆ ಕಿರುಚುವ ಇನ್ನೊಬ್ಬಳಿಗೆ ಹೋಯಿತು. ಅದೇ ತಿಂಗಳು ಮ್ಯಾನೇಜರನಿಗೂ ಮೊದಲ ಹೆಂಡತಿಯ ನೆನಪಾಯಿತು.

ಊರಿಗೆ ಬಂದ ಮಹಾತಾರೆಯನ್ನು ಮಿಡಿಗೇಶಿ ಬಾವಿಯ ಹತ್ತಿರ ಬಿಡಲಿಲ್ಲ. ಸಿನಿಮಾದೋಳು ಮುಟ್ಟಿದ ನೀರು ಕುಡಿದರೆ ಹೆಣ್ಣುಮಕ್ಕಳು ಕೆಡುತ್ತಾರಂತೆ. ಮದುವೆಮನೆಗೆ ಕರೆಯಲಿಲ್ಲ. ದಾಸಮ್ಮ ಬೆಟ್ಟದ ದೊಣೆಯಿಂದ ನೀರು ಹೊತ್ತು, ಹುಣಸೆ ಬಡಿದು ಬದುಕಿದಳು. ತಂಗಿ ತೀರಿಕೊಂಡಾಗ ಅವಳ ಮಗಳು ರಂಗಕ್ಕನನ್ನು ತಂದು ಸಾಕಿದಳು. ಮುಂದೆ ಊರಾಚೆ ಟೆಂಟು ಸಿನಿಮಾ ಬಂದಾಗ ಅದರ ಬಾಗಿಲಲ್ಲಿ ಹುರಿದ ಕಡಲೆಕಾಯಿ ಮಾರಿದಳು. ಒಂದು ದಿನವೂ ಒಳಗೆ ಹೋಗಲಿಲ್ಲ. ಯಾಕೆ ದೊಡ್ಡವ್ವ ಎಂದು ರಂಗಕ್ಕ ಕೇಳಿದರೆ, "ಬರೀ ಮಾತು ಕಣಮ್ಮ ಅಲ್ಲಿ. ಯಾರೂ ಏನೂ ಮಾಡಕ್ಕಿಲ್ಲ" ಎನ್ನುತ್ತಿದ್ದಳು.

ಇಂಥವಳು ಈಗ ಎಲ್ಲರಿಗೂ ಬೇಕಾದಳು. ಮಧುಗಿರಿಯವರು ಸಮಿತಿ ಮಾಡಿದ್ದೇ ತಡ, ಕೊರಟಗೆರೆಯವರು, ದಾಸಮ್ಮನ ತಾಯಿಯ ತವರು ಸಿದ್ದರಬೆಟ್ಟದ ಬುಡದಲ್ಲಿತ್ತು, ಹೆರಿಗೆ ಯಾವಾಗಲೂ ತವರಲ್ಲೇ ಅಲ್ಲವೇ ಎಂದರು. ಶಿರಾದ ಜಬ್ಬಾರ್ ಸಾಹೇಬರು, ಆ ಟೆಂಟು ಸಿನಿಮಾ ತಮ್ಮ ತಾತನದು, ಆದ್ದರಿಂದ ಆಕೆಯ ಕಲಾಜೀವನದ ಉತ್ತರಾರ್ಧ ಶಿರಾಕ್ಕೆ ಸೇರಬೇಕು ಎಂದರು. ಕಡಲೆಕಾಯಿ ಮಾರಿದ್ದನ್ನು ಅವರು ಕಲಾಜೀವನವೆಂದೇ ಹಿಡಿದರು. ಪಾವಗಡದ ಓಬಳರಾಜು ಎದ್ದು ನಿಂತು, "ಆಯಮ್ಮ ಮಾ ಪಿಲ್ಲ ಸಾರ್, ನಮ್ಮ ಹುಡುಗಿ! ಮನೇಲಿ ತೆಲುಗೇ ಮಾತಾಡ್ತಿದ್ದಿದ್ದು" ಎಂದು ಮೇಜು ಗುದ್ದಿದ.

ಪ್ರವಾಸಿ ಮಂದಿರದಲ್ಲಿ ಮೂರು ಸಲ ಸಂಧಾನ ನಡೆಯಿತು. ಕೊನೆಗೆ ಸಮಾರಂಭ ಮಧುಗಿರಿಗೆ, ಪುತ್ಥಳಿ ಶಿರಾಕ್ಕೆ, ರಸ್ತೆ ಕೊರಟಗೆರೆಗೆ, ಜೀವನಚರಿತ್ರೆ ಪಾವಗಡಕ್ಕೆ ಎಂದು ಮಿಸ್ ಕುಸುಮಲತಾಳನ್ನು ಆಸ್ತಿಯ ಹಾಗೆ ಪಾಲು ಮಾಡಿದರು. ಮಿಡಿಗೇಶಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಸಭೆಗೆ ಬಂದಿದ್ದ ರಂಗಕ್ಕನಿಗೆ ಎರಡು ಸಲ ಟೀ ಕೊಟ್ಟರು, ಒಂದು ಸಲವೂ ಮಾತಿಗೆ ಅವಕಾಶ ಕೊಡಲಿಲ್ಲ.

ಸಮಾರಂಭದ ದಿನ ಮಧುಗಿರಿಯ ಸಮುದಾಯ ಭವನ ತುಂಬಿತ್ತು. ಮಧ್ಯಾಹ್ನದ ಊಟದ ಸುದ್ದಿ ಚೆನ್ನಾಗಿ ಹಬ್ಬಿತ್ತು. ವೇದಿಕೆಯ ಮೇಲೆ ಇಪ್ಪತ್ತಮೂರು ಕುರ್ಚಿ, ಕೊನೆಯದು ರಂಗಕ್ಕನದು, ಅರ್ಧ ಭಾಗ ಪಕ್ಕದ ತೆರೆಯ ಹಿಂದೆ. ನಿರೂಪಣೆಗೆ ನಿಂತ ಮಂಜುಶ್ರೀ ಎಂಬ ಹುಡುಗಿ ಆಕೆಯ ಮೊಣಕೈ ಹಿಡಿದು ಕೂರಿಸಿ, ನೀರಿನ ಬಾಟಲಿ ಕೊಟ್ಟಳು. ಆಮೇಲೆ ಭಾಷಣ. ಮೌನದ ಮಹಿಮೆಯ ಬಗ್ಗೆ ಒಂಬತ್ತು ಜನ ಒಟ್ಟು ಎರಡು ಗಂಟೆ ಇಪ್ಪತ್ತು ನಿಮಿಷ ಮಾತಾಡಿದರು. ಮಾತಿಗಿಂತ ಮೌನ ಎಷ್ಟು ದೊಡ್ಡದೆಂದು ನಾಗಲಿಂಗಯ್ಯನವರೊಬ್ಬರೇ ಐವತ್ತು ನಿಮಿಷ ವಿವರಿಸಿದರು.

"ಇನ್ನು ಈ ದಿನದ ಅಚ್ಚರಿ!" ಎಂದರು ಕೊನೆಗೆ. "ಆ ತಾಯಿಗೆ ಅಂದು ದನಿಯಿಲ್ಲವೆಂದು ಅವಮಾನ ಮಾಡಿದರು. ಇಂದು ನಮ್ಮ ಸಮಿತಿ ಕಂಪ್ಯೂಟರಿನ ಮೂಲಕ ಆಕೆಗೆ ದನಿ ಕೊಟ್ಟಿದೆ!"

ಪರದೆಯ ಮೇಲೆ ಮಬ್ಬು ಬೆಳಕು ಅಲ್ಲಾಡಿತು. ಬಂಡೆ. ಬಂಡೆಯ ಮೇಲೆ ಹಲ್ಲಿಯ ಹಾಗೆ ಅಂಟಿಕೊಂಡು ಏರುವ ಒಬ್ಬ ಹುಡುಗಿ. ರಂಗಕ್ಕನ ಕೈ ಬಾಟಲಿಯನ್ನು ಹಿಂಡಿತು. ಹುಡುಗಿ ತುದಿಗೆ ಬಂದಳು, ತಿರುಗಿದಳು, ಎದೆಯ ಮೇಲೆ ಕೈಯಿಟ್ಟು ಬಾಯಿ ತೆರೆದಳು. ನಾಲ್ಕು ಸ್ಪೀಕರುಗಳಿಂದ ಬೆಂಗಳೂರಿನ ಮಾಲಿನಲ್ಲಿ ಲಿಫ್ಟು ಮಾತಾಡುವಂಥ ದನಿ ಹೊರಟಿತು: "ಓ ನನ್ನ ಜನ್ಮಭೂಮಿ ಮಧುಗಿರಿಯೇ! ಮಧುಗಿರಿಯಲ್ಲೇ ಹುಟ್ಟಿದ ನಾನು ನಿನಗಾಗಿ ಪ್ರಾಣವನ್ನೇ ಮುಡಿಪಾಗಿಡುವೆ!"

"ಮೋಸ!" ಕೊರಟಗೆರೆಯವರು ಎದ್ದರು.

"ದಗಾ ಹೈ ಯೇ!" ಜಬ್ಬಾರ್ ಸಾಹೇಬರು ಎದ್ದರು.

"ಹೇಯ್, ಆಪಯ್ಯಾ, ನಿಲ್ಸು!" ಓಬಳರಾಜು ಕುರ್ಚಿಯನ್ನೇ ಎತ್ತಿ ನಿಂತ. ಗದ್ದಲದಲ್ಲಿ ಪ್ರಭುದೇವ್ ಯಾವುದೋ ಗುಂಡಿ ಒತ್ತಿದ, ಹುಡುಗಿ ತುದಿಯಲ್ಲಿ ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟಳು.

ಆ ಗಲಾಟೆಯ ನಡುವೆ ರಂಗಕ್ಕ ಎದ್ದು, ನಿಧಾನಕ್ಕೆ ನಡೆದು ಬಂದು, ಮಂಜುಶ್ರೀಯ ಕೈಲಿದ್ದ ಮೈಕಿಗೆ ಬಾಯಿ ಹತ್ತಿರ ತಂದಳು. "ಅವ್ಳು ಅಂಗನ್ನಕ್ಕಿಲ್ಲ."

ಸಭೆ ತಿರುಗಿ ನೋಡಿತು.

"ದೊಡ್ಡವ್ವಂಗೆ ಕೊನೇಲಿ ಗಂಟ್ಲು ಹುಣ್ಣಾಗಿ ದನಿ ವೊಂಟೋಗಿತ್ತು. ನಾಲ್ಕು ವರ್ಸ ಅವ್ಳ ತುಟಿ ನೋಡೇ ನಾನು ನೀರು, ಗಂಜಿ ಕೊಟ್ಟಿರಾದು. ಅವ್ಳ ಬಾಯಿ ನಂಗೆ ಗೊತ್ತು. ಆ ಸೌಂಡ್ ತೆಗೀಲಾ ಮಗ, ಮೊದ್ಲಿಂದ ಹಾಕು."

ನಾಗಲಿಂಗಯ್ಯ, "ಅಮ್ಮಾ, ಕಾರ್ಯಕ್ರಮ ಪಟ್ಟಿಯಲ್ಲಿ ಇದು..." ಎಂದರು. ಮಂಜುಶ್ರೀ ಅಷ್ಟರಲ್ಲಿ ಹೋಗಿ ಸ್ಪೀಕರಿನ ವೈರು ಕಿತ್ತಿದ್ದಳು.

ಹುಡುಗಿ ಮತ್ತೆ ಬಂಡೆ ಏರಿದಳು. ತುದಿಯಲ್ಲಿ ತಿರುಗಿ, ಮುರಿಯದ ಹಲ್ಲು ತೋರಿಸಿ ನಗುತ್ತ ಮಾತಾಡಿದಳು. ರಂಗಕ್ಕ ಪರದೆಯ ಪಕ್ಕ ನಿಂತು ಒಂದೊಂದಾಗಿ ಹೇಳಿದಳು:

"ಮೂಡ್ಲಣ್ಣೋ... ಹಗ್ಗ ಬುಟ್ಟೀಯ ಕಣಣ್ಣ... ಬಿಗಿಯಾಗ್ ಹಿಡ್ಕ. ಕಾಲು ಬೊಬ್ಬೆ ಬಂದೋಯ್ತು... ಬಂಡೆ ಕೆಂಡ ಆಗೈತೆ. ಆ ಟೋಪಿಯವ್ನು ನಗು ನಗು ಅಂತಾನೆ... ಅವ್ನೇ ಬಂದು ನಗ್ಲಿ ಇಲ್ಲಿ. ಅಣ್ಣೋ, ಭಯ ಆಯ್ತದೆ... ನೀರು... ಒಂದು ಗುಟುಕು ನೀರು ಕೊಡಕ್ಕೇಳು."

ಹಗ್ಗ ಹಿಡಿದವನು ದಾಸಮ್ಮನ ಅಣ್ಣ ಎಂದು ರಂಗಕ್ಕ ಬಿಡಿಸಿ ಹೇಳಬೇಕಾಗಲಿಲ್ಲ. ಮೊದಲು ಹಿಂದಿನ ಸಾಲು ನಕ್ಕಿತು, ಟೋಪಿಯವನ ಮಾತಿಗೆ ಭವನವೇ ನಕ್ಕಿತು. ನೀರಿನ ಮಾತಿಗೆ ಯಾರೂ ನಗಲಿಲ್ಲ. ಚಿತ್ರ ಮುಗಿದು ಪರದೆ ಬಿಳಿಯಾಯಿತು.

ಮೊದಲು ಎದ್ದವನು ಓಬಳರಾಜು. "ಆಯಮ್ಮ 'ಹಿಡ್ಕ' ಅಂದಿಲ್ಲ, 'ಪಟ್ಟುಕೋ' ಅಂದಿದ್ದು! ತುಟಿ ಸೇರ್ತಲ್ಲ, ನೋಡ್ಲಿಲ್ವಾ? ತೆಲುಗು!"

"ಪಾನಿ ಅಂದಾಗಲೂ ತುಟಿ ಸೇರ್ತದೆ ಜನಾಬ್," ಎಂದರು ಜಬ್ಬಾರ್ ಸಾಹೇಬರು.

ಊಟದ ಹೊತ್ತಿಗೆ ತುಟಿ ಪರೀಕ್ಷೆಗೆ ತಜ್ಞರ ಉಪಸಮಿತಿ ರಚನೆಯಾಗಿತ್ತು. ರಂಗಕ್ಕನನ್ನು ಅದಕ್ಕೆ ಸೇರಿಸಲಿಲ್ಲ, ಆಕೆಗೆ ಪದವಿ ಇರಲಿಲ್ಲ. ನಾಗಲಿಂಗಯ್ಯ ಶಾಲು ಹೊದಿಸುವಾಗ ಕಿವಿಯಲ್ಲಿ, "ಮೊದಲೇ ಒಂದು ಮಾತು ಹೇಳಬಹುದಿತ್ತಲ್ಲಮ್ಮ" ಎಂದರು.

"ನೀವು ಕೇಳ್ಬೋದಿತ್ತಲ್ಲ ಸ್ವಾಮಿ," ಎಂದಳು ರಂಗಕ್ಕ. ಅಷ್ಟರಲ್ಲಿ ಅವರು ಫೋಟೋದವನ ಕಡೆ ತಿರುಗಿಯಾಗಿತ್ತು. ಮರುದಿನ ಪತ್ರಿಕೆಯಲ್ಲಿ 'ಮೂಕಿ ತಾರೆಗೆ ದನಿಯಾದ ಸಮಿತಿ' ಎಂದು ಬಂತು. ಚಿತ್ರದಲ್ಲಿ ರಂಗಕ್ಕನ ಒಂದು ಭುಜ ಕಾಣುತ್ತಿತ್ತು.

ಅದಕ್ಕೆ ಮೊದಲು, ಸಮಾರಂಭದ ಸಂಜೆಯೇ, ಆಕೆ ಫ್ರೀ ಬಸ್ಸಿನಲ್ಲಿ ಊರಿಗೆ ಮರಳಿದ್ದಳು. ಮಂಜುಶ್ರೀ ಬಂಡೆಯ ಆ ಫಿಲ್ಮನ್ನು ರಂಗಕ್ಕನ ಪಕ್ಕದ ಮನೆ ವನಜಾಳ ಮೊಬೈಲಿಗೆ ಕಳಿಸಿದ್ದಳು. ವನಜಾ ಅದನ್ನು ಜಗಲಿಗೆ ತಂದಾಗ ಕೇರಿಯ ನಾಲ್ಕೈದು ಹೆಂಗಸರು ನೆರೆದರು. ಇವರ ಅಜ್ಜಿಯರೇ ದಾಸಮ್ಮನನ್ನು ಬಾವಿಯಿಂದ ಅಟ್ಟಿದವರು. ಅದನ್ನು ರಂಗಕ್ಕ ಎತ್ತಲಿಲ್ಲ. ಅವರೂ ಎತ್ತಲಿಲ್ಲ.

"ಇಷ್ಟ್ ಚೆಂದಾಗಿದ್ಳಾ?" ಎಂದಳು ವನಜಾ. "ಕಪ್ಪಗಿದ್ರೂ ಎಂಥಾ ಕಳೆ! ಏನಂತಾವ್ಳಂತೆ ಇಲ್ಲಿ?"

"ಸುಮ್ಕಿರೇ," ಎಂದಳು ರಂಗಕ್ಕ. ಭವನದಲ್ಲಿ ಆಕೆ ತುಟಿಯನ್ನೊಂದೇ ನೋಡಿದ್ದಳು. ದೊಡ್ಡವ್ವ ಬಂಡೆ ಹತ್ತುವುದನ್ನು ನೋಡುತ್ತಿರುವುದು ಈಗಲೇ. ಬೆರಳು ಬಿರುಕಿಗೆ ಸಿಕ್ಕಿಸಿ, ಮೈ ಬಂಡೆಗೆ ಒತ್ತಿ, ಪಾದ ಎತ್ತಿ ಒಂದು ಗಳಿಗೆ ಗಾಳಿಯಲ್ಲಿ ತಡೆದು, ಮತ್ತೆ ಊರಿ, ಅವಳು ಏರುತ್ತಿದ್ದಳು. ಕುಂಟುತ್ತ ಹುಣಸೆ ಬಡಿಯುತ್ತಿದ್ದ ಮುದುಕಿಯನ್ನಷ್ಟೇ ಬಲ್ಲ ರಂಗಕ್ಕನ ಬಾಯಿ ಚಿಕ್ಕ ಮಕ್ಕಳ ಹಾಗೆ ತೆರೆದುಕೊಂಡಿತು.

"ಇನ್ನೊಂದ್ ಸಲ ಹಾಕ್ಲಾ ರಂಗಕ್ಕ?"

"ಹಾಕು," ಎಂದಳು. "ಹತ್ತದು ಮಾತ್ರ ತೋರ್ಸು."