ಟೀಚರ್ ಬೀರುವಿನ ಇದ್ದಿಲು

ನಾನು ಒಂದು ಹಿಡಿ ಇದ್ದಿಲು. ಕರಿಮೂತಿ ಎಂದು ಮೂಗು ಮುರಿಯಬೇಡಿ. ನಿಮ್ಮ ಮೂಗಿನ ಮರ್ಯಾದೆ ಕಾಯುವುದೇ ನನ್ನ ಕಸುಬು. ತಿಪಟೂರಿನಲ್ಲಿ ಕಾಯಿ ಒಡೆದವರು ಕೊಬ್ಬರಿಯನ್ನು ಸಂತೆಗೆ ಕಳಿಸಿ, ಚಿಪ್ಪಾಗಿದ್ದ ನನ್ನನ್ನು ಗುಂಡಿಗೆ ತಳ್ಳಿ, ಬೆಂಕಿ ಹಚ್ಚಿ, ಮೇಲೆ ತಗಡು ಮುಚ್ಚಿ ಮಣ್ಣು ಮೆತ್ತಿದರು. ಉರಿಯೋಣವೆಂದರೆ ಗಾಳಿಯಿಲ್ಲ, ಆರೋಣವೆಂದರೆ ಕಾವು ಬಿಡದು. ಒಳಗಿದ್ದ ನೀರು, ಎಣ್ಣೆ, ಹೊಗೆ ಎಲ್ಲ ಹೊರಟುಹೋಗಿ ಮೈತುಂಬ ಕಣ್ಣಿಗೆ ಕಾಣದ ತೂತುಗಳು ಉಳಿದವು. ಅಂದಿನಿಂದ ನನಗೆ ಹಸಿವೋ ಹಸಿವು. ಅನ್ನದ ಹಸಿವಲ್ಲ, ಗಾಳಿಯ ಹಸಿವು.

ಅಲ್ಲಿಂದ ಇಸ್ತ್ರಿ ಅಂಗಡಿಯ ಗೋಣಿಚೀಲ ಸೇರಿದೆ. ಒಡಹುಟ್ಟಿದವರೆಲ್ಲ ಇಸ್ತ್ರಿಪೆಟ್ಟಿಗೆಯೊಳಗೆ ಹೋಗಿ ಬೂದಿಯಾದರು. ನನ್ನ ಸರದಿ ಬರುವಷ್ಟರಲ್ಲಿ ಜಲಜಾಕ್ಷಿ ಟೀಚರ್ ಬಂದು ಕೊಂಡರು, ಬದುಕಿದೆ.

ಟೀಚರ್ ಕಡಲತಡಿಯ ಗಂಗೊಳ್ಳಿ ಕಡೆಯವರು, ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನ ಹೇಳಲು ವರ್ಗವಾಗಿ ಬಂದವರು. ದಾಕ್ಷಾಯಣಮ್ಮನವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಮನೆಯೊಡತಿಯದು ಒಂದೇ ಕರಾರು: ಮೀನು ಮಾಂಸದ ವಾಸನೆ ಹೊಸಿಲು ದಾಟಬಾರದು. ಟೀಚರಿಗೋ ಗಂಜಿಯ ಜೊತೆ ನಾಲ್ಕು ಒಣ ಸಿಗಡಿ ಇಲ್ಲದಿದ್ದರೆ ತುತ್ತು ಇಳಿಯದು. ಊರಿನಿಂದ ತಾಯಿ ಹುರಿದು ಕಳಿಸುತ್ತಿದ್ದ ಸಿಗಡಿಯ ಡಬ್ಬಿ ಬೀರುವಿನ ಸೀರೆಗಳ ಹಿಂದೆ ಅಡಗಿತ್ತು. ಹಿಂದಿನ ಮನೆಯನ್ನು ಇದೇ ವಾಸನೆಗೆ ಕಳೆದುಕೊಂಡಿದ್ದರು. ಇದೂ ಹೋದರೆ ಆ ಊರಲ್ಲಿ ಇನ್ನೊಂದು ಮನೆ ಸಿಗುವ ಆಸೆ ಇರಲಿಲ್ಲ. ಅದಕ್ಕೇ ಬಟ್ಟೆಚೀಲದಲ್ಲಿ ನನ್ನನ್ನು ಕಟ್ಟಿ ಡಬ್ಬಿಯ ಪಕ್ಕ ಕಾವಲಿಟ್ಟರು.

ಆ ಬೀರುವಿನ ಗಾಳಿ ಎಂದರೆ ಕಲಸುಮೇಲೋಗರ. ಪೌಡರು, ನುಸಿಗುಳಿಗೆ, ಸಿಗಡಿ, ಎಲ್ಲ ಒಟ್ಟಿಗೆ ನುಗ್ಗುತ್ತಿದ್ದವು. ನಾನು ಯಾರನ್ನೂ ಬೇಡವೆನ್ನಲಿಲ್ಲ, ಆದರೆ ಎಲ್ಲರಿಗೂ ಒಂದೇ ಮರ್ಯಾದೆ ಮಾಡಲಿಲ್ಲ. ಬರಿಯ ಗಾಳಿ ಮೊದಲೇ ಬಂದು ಕೂತಿರುತ್ತಿತ್ತು. ಸಿಗಡಿಯ ಆವಿ ಬಂತೋ, ಬಸ್ಸಿನ ಸೀಟಿಗೆ ಟವೆಲ್ ಹಾಕಿದವರ ಹಾಗೆ ಅದನ್ನೆಬ್ಬಿಸಿ ಒಳಮೂಲೆಯಲ್ಲಿ ತಳವೂರುತ್ತಿತ್ತು. ಪೌಡರಿನ ಘಮ ಬಾಗಿಲಲ್ಲೇ ಜೋತುಬಿದ್ದಿರುತ್ತಿತ್ತು.

ಒಮ್ಮೆ ದಾಕ್ಷಾಯಣಮ್ಮ ಕುಂಕುಮಕ್ಕೆ ಕರೆಯಲು ಬಂದವರು ತೆರೆದ ಬೀರುವಿನಲ್ಲಿ ನನ್ನನ್ನು ಕಂಡು ಇದೇನೆಂದು ಕೇಳಿದರು. ಟೀಚರ್ ತಬ್ಬಿಬ್ಬಾಗಿ, ಧೂಪಕ್ಕೆಂದು ತಂದಿಟ್ಟ ಇದ್ದಿಲು ಎಂದುಬಿಟ್ಟರು. ಈ ಕಾಲದ ಹುಡುಗಿಗೆ ಇಷ್ಟು ಭಕ್ತಿಯೇ ಎಂದು ಮನೆಯೊಡತಿಗೆ ಕರುಳು ಕರಗಿತು.

ಶ್ರಾವಣ ಸೋಮವಾರ ಬಂತು. ಮನೆತುಂಬ ಮುತ್ತೈದೆಯರು. ಗ್ಯಾಸ್ ಒಲೆಯ ಮನೆಯಲ್ಲಿ ಧೂಪಕ್ಕೆ ಕೆಂಡವೆಲ್ಲಿಂದ ಬರಬೇಕು? ದಾಕ್ಷಾಯಣಮ್ಮ ನೇರ ಟೀಚರ ಬಾಗಿಲಿಗೇ ಬಂದರು. ಧೂಪದ್ದೆಂದು ತಾವೇ ಹೇಳಿದ್ದನ್ನು ಧೂಪಕ್ಕೆ ಕೊಡುವುದಿಲ್ಲವೆನ್ನಲು ಬಾಯಿ ಬರಲಿಲ್ಲ. ಕೊಟ್ಟರು. ಹೀರಿದ್ದನ್ನೆಲ್ಲ ಇದ್ದಿಲು ಕಾದಾಗ ಕಕ್ಕುತ್ತದೆಂದು ಮಕ್ಕಳಿಗೆ ಪಾಠ ಮಾಡಿದ್ದವರು ಹಿಂದೆಯೇ ಬಂದು ನಡುಮನೆಯ ಮೂಲೆಯಲ್ಲಿ ನಿಂತರು.

ದಾಕ್ಷಾಯಣಮ್ಮ ನನ್ನನ್ನು ಧೂಪದ ಪಾತ್ರೆಗೆ ಹಾಕಿ, ಬೆಂಕಿ ತಾಕಿಸಿ, ಬೀಸಣಿಗೆ ಹಿಡಿದರು. ನಾನು ಹಲ್ಲುಕಚ್ಚಿ ತಡೆದೆ. ಆದರೆ ಕಾವಿನ ಮುಂದೆ ಯಾರ ಆಟ ನಡೆಯುತ್ತದೆ? ಸಡಿಲವಾಗಿ ಹಿಡಿದದ್ದು ಮೊದಲು ಹೊರಟಿತು. ಪೌಡರಿನ ಘಮಕ್ಕೆ ಹೆಂಗಸರು ತಲೆದೂಗಿದರು. ನುಸಿಗುಳಿಗೆ ಎದ್ದಾಗ, ಯಾರದೋ ಪೆಟ್ಟಿಗೆಯ ರೇಷ್ಮೆ ಸೀರೆಯೆಂದು ಒಬ್ಬರ ಸೆರಗನ್ನೊಬ್ಬರು ನೋಡಿಕೊಂಡರು. ದಾಕ್ಷಾಯಣಮ್ಮ ಬೀಸಣಿಗೆಯನ್ನು ಇನ್ನೂ ಜೋರಾಗಿ ಬೀಸಿದರು. ಆಗ ಒಳಮೂಲೆಯ ಸಿಗಡಿ ಎದ್ದು ಬಂತು.

ಸೆರಗುಗಳೆಲ್ಲ ಮೂಗಿಗೇರಿದವು. ಇಲಿ ಸತ್ತಿರಬೇಕೆಂದರು ಯಾರೋ. ಟೀಚರ ಮುಖ ಸುಣ್ಣದ ಗೋಡೆಯಾಯಿತು. ನನಗೂ ಸಂಕಟವಾಯಿತು, ಅನ್ನ ಹಾಕಿದ ಮನೆಗೆ ಕನ್ನ ಹಾಕಿದಂತಾಯಿತಲ್ಲ ಎಂದು ನಾಚಿದೆ.

ಮನೆಯ ಯಜಮಾನರು ಪಂಚಾಕ್ಷರಯ್ಯ ಆರಾಮಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದರು. ಎದೆತುಂಬ ಉಸಿರೆಳೆದು ಹೇಳಿದರು:

“ಇಲಿ ಅಲ್ಲ ಕಣೇ, ಒಣ ಸಿಗಡಿ. ಹದವಾಗಿ ಹುರಿದಿರೋದು.”

ಬೀಸಣಿಗೆ ನಿಂತಿತು.

“ನಿಮಗೆ ಹೆಂಗೆ ಗೊತ್ತು?”

ಯಜಮಾನರು ಆಗ ಕಣ್ಣು ಬಿಟ್ಟರು. ಮದುವೆಗೆ ಮುಂಚೆ ಮಲ್ಪೆಯಲ್ಲಿ ಕರೆಂಟಿನ ಲೈನು ನೋಡಿಕೊಳ್ಳುತ್ತಿದ್ದಾಗ ವಾಸನೆ ಗಾಳಿಗೆ ಬರುತ್ತಿತ್ತೆಂದು ತೊದಲಿದರು.

“ಹದವಾಗಿ ಹುರಿದಿರೋದು ಅಂತಾನೂ ಗಾಳಿ ಹೇಳ್ತಿತ್ತಾ?”

ಬಂದವರು ಬೇಗ ಬೇಗ ಕುಂಕುಮ ತೆಗೆದುಕೊಂಡು ನಗು ನುಂಗುತ್ತ ಹೊರಟರು.

ಮರುದಿನ ಬೆಳಿಗ್ಗೆ ದಾಕ್ಷಾಯಣಮ್ಮ ಬೂದಿಯಾಗಿದ್ದ ನನ್ನನ್ನು ಟೀಚರ ಅಡುಗೆಮನೆ ಕಿಟಕಿಯಡಿಯ ಕರಿಬೇವಿನ ಬುಡಕ್ಕೆ ಸುರಿದರು. ಟೀಚರ್ ಹೊರಗೆ ಬಂದರು. ಅತ್ತು ಕಣ್ಣು ಊದಿತ್ತು.

“ಅಮ್ಮ, ಆ ಸಿಗಡಿ ನಂದೇ. ಮನೆ ಬಿಡ್ಕ್ ಅಂದ್ರೆ ಬಿಡ್ತೆ.”

ದಾಕ್ಷಾಯಣಮ್ಮ ಪಾತ್ರೆಯನ್ನು ತಟ್ಟಿ ತಟ್ಟಿ ಖಾಲಿ ಮಾಡಿದರು.

“ಇಷ್ಟು ವರ್ಷ ಇವರ ಜೊತೆ ಸಂಸಾರ ಮಾಡಿ ನಂಗೇ ವಾಸನೆ ಗೊತ್ತಾಗಲಿಲ್ಲ, ನಿನ್ನನ್ನೇನು ಅನ್ನಲಿ ಟೀಚರಮ್ಮ. ಕಿಟಕಿ ಹಾಕ್ಕೊಂಡು ಮಾಡ್ಕೊ. ಆದ್ರೆ ಇವರು ಬಂದ್ರೆ ಮಾತ್ರ ಬಾಗಿಲು ತೆಗೀಬೇಡ.”

ಬೂದಿಗೆ ತೂತಿಲ್ಲ, ಹಸಿವಿಲ್ಲ. ಭಾನುವಾರಗಳಂದು ಮುಚ್ಚಿದ ಕಿಟಕಿಯ ಸಂದಿಯಿಂದ ಸಿಗಡಿಯ ಘಮ ಬಂದು ನನ್ನ ಮೇಲೇ ಹಾದುಹೋಗುತ್ತದೆ, ಹಿಡಿಯಲಾರೆ. ಅದಕ್ಕೆ ಬೇಸರವೇನಿಲ್ಲ. ಯಾವತ್ತೂ ಗಿಡಕ್ಕೆ ನೀರು ಹಾಕದ ಪಂಚಾಕ್ಷರಯ್ಯನವರು ಈಗ ಭಾನುವಾರ ತಪ್ಪದೆ ಚೊಂಬು ಹಿಡಿದು ಕರಿಬೇವಿನ ಬುಡಕ್ಕೆ ಬರುತ್ತಾರೆ. ನೀರು ಮುಗಿದ ಮೇಲೂ ಕಣ್ಣುಮುಚ್ಚಿ ಅಲ್ಲೇ ನಿಂತಿರುತ್ತಾರೆ. ನಾನು ಬಿಟ್ಟ ಕೆಲಸವನ್ನು ಅವರು ವಹಿಸಿಕೊಂಡಿದ್ದಾರೆ.