ನಮ್ಮವರೇನ್ರಿ?

ಆರುನೂರ ಹನ್ನೆರಡು ಜನ. ಅರಭಾವಿಯ ಹಾಸ್ಟೆಲ್ಲಿನಲ್ಲಿ ಕುಳಿತು, ಲಿಂಕ್ಡ್‌ಇನ್‌ನಲ್ಲಿ ನಾಲ್ಕು ತಿಂಗಳು ಒಬ್ಬೊಬ್ಬರಿಗೇ ಕೈಮುಗಿದು ಕೂಡಿಸಿದ ಬಳಗ ಅದು. ತೋಟಗಾರಿಕೆ ಪದವಿಯ ಕೊನೆಯ ವರ್ಷ, ನನಗೆ ಕೆಲಸ ಬೇಕಿತ್ತು. "ಆನ್‌ಲೈನ್‌ನ್ಯಾಗ ಪರಿಚಯ ಬೆಳಸ್ರಿ. ಅಲ್ಲಿ ಯಾರ ಮಗಳು ಅಂತ ಯಾರೂ ಕೇಳಂಗಿಲ್ಲ, ಕೆಲಸ ನೋಡ್ತಾರ" ಎಂದು ತರಬೇತಿ ಕೊಡಲು ಬಂದವರೊಬ್ಬರು ಹೇಳಿದ್ದರು. ನಂಬಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಬದನೆಯ ಬೇರಿಗೆ ಟೊಮೆಟೊ ಕಸಿ ಮಾಡುವುದು ನನ್ನ ಪ್ರಾಜೆಕ್ಟ್. ಸೊರಗು ರೋಗ ಬಿದ್ದ ಮಡಿಯಲ್ಲೂ ನೂರೈವತ್ತರಲ್ಲಿ ನೂರಿಪ್ಪತ್ತು ಗಿಡ ಉಳಿದವು. ಫೋಟೊ ಸಮೇತ ಬರೆದು ಹಾಕಿದೆ. ಹುಕ್ಕೇರಿಯ ಸಸಿ ಕಂಪನಿಯೊಂದರ ಮ್ಯಾನೇಜರ್ ಅಶೋಕ ಅವರಿಂದ ಸಂದೇಶ ಬಂತು. ಕಸಿಯ ಬಗ್ಗೆ ಒಂದು ಮಾತಿಲ್ಲ.

"ಮಾಯಾ ಪಾಟೀಲ ಅಂದ್ರ, ನಮ್ಮವರೇನ್ರಿ?"

ಈ ಸೀಮೆಯವರೇ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. "ಹೌದ್ರಿ ಸರ್, ನಾವೂ ನಿಮ್ಮವರ ಅದೇವ್ರಿ" ಎಂದು ಬರೆದೆ. ಕೂಡಲೇ ಉತ್ತರ ಬಂತು. "ಹಂಗಾರ ಮುಗೀತ್ ಬಿಡ್ರಿ. ಟ್ರೇನಿ ಜಾಗ ನಿಮಗ ಐತಿ. ಸೋಮವಾರ ಅಪ್ಪಾರನ್ನ ಕರ್ಕೊಂಡ ಬರ್ರಿ."

ಅಪ್ಪ ಮಾಲಿಂಗಪ್ಪನಿಗೆ ಮಮದಾಪುರದಲ್ಲಿ ಎಂಬತ್ತು ಕುರಿ, ಎರಡೆಕರೆ ಹೊಲ. ಮುತ್ಯಾನ ಕಾಲದಲ್ಲಿ ಊರ ಗೌಡಕಿ ನಮ್ಮ ಮನೆಯಲ್ಲಿತ್ತಂತೆ, ಪಾಟೀಲ ಎಂಬ ಅಡ್ಡಹೆಸರು ಹಾಗೆ ಬಂದದ್ದು. ಈ ಸೀಮೆಯಲ್ಲಿ ಪಾಟೀಲರಿಲ್ಲದ ಜಾತಿ ಹುಡುಕುವುದು ಕಷ್ಟ. ಅದಕ್ಕೇ ಅಶೋಕ ಅವರು ಹಾಗೆ ಕೇಳಿದ್ದು. ನನ್ನ ತಲೆಗೆ ಹೊಳೆಯಲೇ ಇಲ್ಲ.

ಸೋಮವಾರ ಹುಕ್ಕೇರಿಯ ಆಫೀಸಿನಲ್ಲಿ ನಮಗೆ ಚಹಾ ಬಂತು. ನನ್ನ ಫೈಲು ಮೇಜಿನ ಮೇಲೆ ಮುಚ್ಚಿಯೇ ಇತ್ತು. ಅಶೋಕ ಅವರು ಅಪ್ಪನ ಕಡೆ ತಿರುಗಿ ಕೇಳಿದರು.

"ನಿಮ್ಮ ಮನಿದೇವ್ರು ಯಾವ್ದ್ರಿ ಕಾಕಾ?"

"ಬೀರಪ್ಪರಿ" ಎಂದ ಅಪ್ಪ, ಹಿಗ್ಗಿನಿಂದ.

"ಅಂದ್ರ, ಕುರುಬರೇನ್ರಿ?"

"ಹೌದ್ರಿ."

ಅವರು ಕಪ್ಪು ಕೆಳಗಿಟ್ಟರು. "ಹೆಡ್ ಆಫೀಸಿಂದ ಫೋನ್ ಬಂದಿತ್ತು, ಜಾಗ ತುಂಬೇತಂತ. ನೋಡೂಣು, ಮುಂದ ಹೇಳ್ತೀವಿ."

ಎರಡು ನಿಮಿಷದ ಹಿಂದೆ ಖಾಲಿ ಇದ್ದ ಜಾಗ, ಬೀರಪ್ಪನ ಹೆಸರು ಕೇಳಿ ತುಂಬಿಬಿಟ್ಟಿತು.

ಗೋಕಾಕದ ಬಸ್ಸು ಹತ್ತಿದ ಮೇಲೆ ಫೋನಿಗೆ ಅವರದೇ ಸಂದೇಶ. "ನಮ್ಮವರು ಅಂತ ಸುಳ್ಳ ಹೇಳಬಾರದಿತ್ತು ನೀವು." ಮೈಯೆಲ್ಲ ಉರಿದುಹೋಯಿತು. ಸುಳ್ಳು ಹೇಳಿದವರು ಯಾರು, ನಾನೋ ಅವರೋ?

"ಏನಂತವಾ?" ಎಂದ ಅಪ್ಪ. ಓದಿ ಹೇಳಿದೆ. "ನಾ ದೇವ್ರ ಹೆಸರ ಹೇಳಬಾರದಿತ್ತೇನವಾ?" ಎಂದು ಕೇಳಿದ.

ಕೆಲಸ ಹೋಗಿದ್ದಕ್ಕೆ ಬೇಕಾದರೆ ಕ್ಷಮಿಸಿಯೇನು. ಅಪ್ಪನ ಬಾಯಲ್ಲಿ ಈ ಮಾತು ಬರಿಸಿದ್ದಕ್ಕೆ ಆ ಮನುಷ್ಯನನ್ನು ಸಾಯುವ ತನಕ ಕ್ಷಮಿಸುವುದಿಲ್ಲ. ಬಸ್ಸಿನಲ್ಲೇ ನಡೆದದ್ದನ್ನೆಲ್ಲ ಬರೆದು, ಅವರ ಸಂದೇಶಗಳ ಸ್ಕ್ರೀನ್‌ಶಾಟ್ ಸೇರಿಸಿ, ಹೆಸರು ಮುಚ್ಚದೆ ಆರುನೂರ ಹನ್ನೆರಡು ಜನರ ಮುಂದೆ ಹಾಕಿದೆ.

ಗೋಕಾಕ ಬರುವವರೆಗೆ ಒಬ್ಬರೂ ಅದರ ಕೆಳಗೆ ಒಂದಕ್ಷರ ಬರೆಯಲಿಲ್ಲ. ನನಗೊಬ್ಬಳಿಗೇ ಕಾಣುವಂತೆ ಒಂದು ಸಂದೇಶ ಬಂತು. ಮೂಡಲಗಿಯಲ್ಲಿ ಬೀಜದ ಕಂಪನಿ ನಡೆಸುವ ಉದ್ದಪ್ಪ ಎಂಬವರದು. "ಓದಿ ಭಾಳ ಸಿಟ್ಟ ಬಂತವಾ. ನಾಳೆನ ಬಾ, ಕೆಲಸ ಕೊಡ್ತೀನಿ. ಬೀರಪ್ಪನ ಒಕ್ಕಲ ಅಂದ್ರ ನೀ ನಮ್ಮಾಕಿ."

ಕೆಲಸ, ಅದೂ ನಾಳೆಯೇ. "ಬರ್ತೀನ್ರಿ" ಎಂದು ಬರೆದವಳು ಅಳಿಸಿದೆ. "ಟೊಮೆಟೊ ಕಸಿ ಬಗ್ಗೆ ಬರದ ಹಾಕೇನಲ್ರಿ, ಅದನ್ನ ಓದೀರೇನ್ರಿ?" ಎಂದು ಕೇಳಿದೆ.

"ಅದೆಲ್ಲಾ ಯಾಕ ಬೇಕವಾ" ಎಂದು ಬಂತು.

"ಬರಂಗಿಲ್ರಿ" ಎಂದು ಕಳಿಸಿ ಫೋನು ಚೀಲಕ್ಕೆ ತುರುಕಿದೆ. ಈ ಸಂದೇಶವನ್ನು ಮಾತ್ರ ಅಪ್ಪನಿಗೆ ಓದಿ ಹೇಳಲಿಲ್ಲ. ಹೋಗು ಎಂದುಬಿಟ್ಟರೆ ಏನು ಮಾಡಲಿ?