ದಿವಂಗತ ಮಾಯಮ್ಮನ ಊಟ

ಕಬ್ಬಿನ ಲಾರಿ ಹಿಂದಕ್ಕೆ ಬಂದು ಗುದ್ದಿದ ಏಟಿಗೆ, ಕಿರುಗಾವಲಿನ ಹೊಲದಲ್ಲಿದ್ದ ಲಿಂಗಯ್ಯನ ಸಮಾಧಿಕಲ್ಲು ಎರಡು ಹೋಳಾಗಿತ್ತು. ಅವನ ಹೆಂಡತಿ ಮಾಯಮ್ಮ ಮಗನನ್ನು ಕೇಳಿದ್ದು ಇಷ್ಟೇ: "ಅದೇ ಕಲ್ಗೆ ಸಿಮೆಂಟ್ ಆಕಿ ನಿಲ್ಸು ರಾಜೇಂದ್ರ." ಹೇಳಿ ಹೇಳಿ ಅವಳ ನಾಲಿಗೆ ಸವೆಯಿತು. ಆಸಾಮಿ ಕಿವಿಗೆ ಹಾಕಿಕೊಂಡರೆ ತಾನೇ? ನಾಟಿ ಮುಗೀಲಿ ಅಂದ, ಆಷಾಢ ಕಳೀಲಿ ಅಂದ. ಪಿತೃಪಕ್ಷದ ಎಡೆಗೆ ಒಂದೇ ದಿನ ಉಳಿದಾಗ, ಮದ್ದೂರಿನಿಂದ ಫಳಫಳ ಹೊಳೆಯುವ ಹೊಸ ಗ್ರಾನೈಟ್ ಕಲ್ಲನ್ನೇ ತಂದು ನೆಡಿಸಿದ.

ಮಾಯಮ್ಮನಿಗೆ ಅಕ್ಷರ ಬರದಿದ್ದರೆ ಹಬ್ಬ ಸುಖವಾಗಿ ಮುಗಿಯುತ್ತಿತ್ತು. ಬರುತ್ತಿತ್ತಲ್ಲ! ಕಲ್ಲಿನ ಮೇಲೆ 'ದಿವಂಗತ ಲಿಂಗಯ್ಯ', ಅದರ ಕೆಳಗೆ 'ದಿವಂಗತ ಮಾಯಮ್ಮ'.

"ಲೇ, ನಾನ್ಯಾವಾಗ್ಲಾ ಸತ್ತೆ?"

"ಅಪ್ಪನ್ ಜೊತೇಲಿ ನಿನ್ನೆಸ್ರೂ ಇರ್ಲಿ ಅಂದೆ ಕಣವ್ವ. ಕೆತ್ತೋನು ಇಬ್ರಿಗೂ ಅದ್ನೇ ಆಕ್ಬುಟ್ಟವ್ನೆ."

"ತೆಗ್ಸು. ನಾಳೀಕೆ ಎಡೆ ಇಕ್ಕೋಕ್ ಮುಂಚೆ ತೆಗ್ಸು. ಬದ್ಕಿರೋಳ್ಗೆ ಎಡೆ ಇಕ್ಕೀಯಾ?"

"ಉಜ್ಜುದ್ರೆ ಕಲ್ಲು ಗಬ್ಬೆದ್ದೋಯ್ತದೆ ಕಣವ್ವ. ಎಂಗಿದ್ರೂ ಒಂದಿನ ಬೇಕಾಯ್ತದಲ್ಲ, ಬುಡು."

ಬುಡಬೇಕಂತೆ! ಮಾಯಮ್ಮನ ಮೈಯೆಲ್ಲ ಉರಿದುಹೋಯಿತು. ದಿನಾ ಮುದ್ದೆ ತಿರುವಿ ಹಾಕುವವಳನ್ನು ಕಲ್ಲಿನ ಮೇಲೆ ಸಾಯಿಸಿಟ್ಟು, ಅಳಿಸುವುದಕ್ಕೆ ಸೋಮಾರಿತನ. ಸೊಸೆ ಶೋಭಿತಾ ಇನ್ನೂ ಜಾಣೆ. ಹೆಸರಿನ ಮೇಲೆ ಒಂದು ಹೂವಿನ ಹಾರ ಇಳಿಬಿಟ್ಟರೆ ನೆಂಟರಿಗೆ ಕಾಣಿಸುವುದಿಲ್ಲ ಅಂದಳು.

ಮಾರನೆಯ ದಿನ ನೆಂಟರೆಲ್ಲ ಬಂದರು. ಮಾಯಮ್ಮನ ಹೆಸರು ಮುಚ್ಚುವಂತೆ ಕಲ್ಲಿಗೆ ಹಾರ ಇಳಿಬಿಟ್ಟು, ಸಮಾಧಿಯ ಮುಂದೆ ಒಂದು ಬಾಳೆಲೆ ಹಾಸಿ ಮುದ್ದೆ, ಕೋಳಿ ಸಾರು, ವಡೆ ಬಡಿಸಿದರು. ರಾಜೇಂದ್ರ ಕರ್ಪೂರ ಹಚ್ಚಿ ಕೈಮುಗಿಯುವಷ್ಟರಲ್ಲಿ ಮಾಯಮ್ಮ ಎಲ್ಲರನ್ನೂ ಸರಿಸಿಕೊಂಡು ಬಂದು ಕಲ್ಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಸತ್ತೋರು ಇಬ್ರು. ಎಲೆ ಒಂದೇಯಾ?"

"ಅವ್ವೋ, ಜನ ನೋಡ್ತಾವ್ರೆ. ಎದ್ದೇಳು."

"ನೋಡ್ಲಿ. ಆ ಆರ ಎತ್ತು, ಓದ್ಲಿ. ಶೋಭಿತಾ, ನಂಗೂ ಬಡ್ಸು."

ಶೋಭಿತಾ ಇನ್ನೊಂದು ಎಲೆ ಹಾಸಿ ಬಡಿಸಿದಳು. ಮುದ್ದೆ ಹೊಗೆಯಾಡುತ್ತಿತ್ತು. ಎಡೆ ಮುಗಿಯದೆ ಯಾರೂ ಉಣ್ಣುವಂತಿಲ್ಲ. ಹಸಿದ ನೆಂಟರು ಜೊಲ್ಲು ನುಂಗುತ್ತ ನಿಂತಿದ್ದರು. ಮಾಯಮ್ಮ ಅವಸರ ಮಾಡಲಿಲ್ಲ. ಮನೆಮಂದಿಯೆಲ್ಲ ಉಂಡ ಮೇಲೆ ಪಾತ್ರೆಯ ತಳದ ಸಾರು, ಕತ್ತಿನ ಮೂಳೆ ಅವಳ ಪಾಲಿಗೆ ಬರುವುದು ರೂಢಿ. ಇವತ್ತು ಕೋಳಿಯ ಈಲಿ, ಆ ಮೆತ್ತನೆಯ ಲಿವರ್ ತುಂಡು, ಬಿಸಿಯಾಗಿಯೇ ಬಾಯಿಗೆ ಬಂತು.

ರಾಜೇಂದ್ರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಪಿಸುಗುಟ್ಟಿದ: "ತಪ್ಪಾಯ್ತು ಕಣವ್ವ. ಈಗ್ಲೇ ಕಲ್ ಕೊಯ್ಯೋ ಮಿಸನ್ನೋನ್ಗೆ ಫೋನ್ ಮಾಡಿ ಉಜ್ಜುಸ್ತೀನಿ, ಏಳು."

"ಉಂಡಾಗೋವರ್ಗೂ ಇರ್ಲಿ ತಡೀಲಾ," ಎಂದಳು ಮಾಯಮ್ಮ. "ಬದ್ಕಿದ್ದಾಗ ಈ ಮನೇಲಿ ಯಾರೂ ನಂಗೆ ಮೊದ್ಲು ಬಡ್ಸಿರ್ಲಿಲ್ಲ."